ಬೆರಳುದ್ದದ ಹಿತ್ತಾಳೆ

ಮಗಳ ಕಾರಿನ ಏಸಿ ಕೆಟ್ಟಿತ್ತು. ಹಳಿಯಾಳದಿಂದ ದಾಂಡೇಲಿಗೆ ಹೋಗುವ ರಸ್ತೆಯ ಪಕ್ಕದ ಗ್ಯಾರೇಜಿನಲ್ಲಿ ಅದರ ಕಂಪ್ರೆಸರು ಬದಲಿಸುತ್ತಿದ್ದರು. ಮಗಳು ಫೋನಿನಲ್ಲಿ ಮಾತಾಡುತ್ತಾ ಅತ್ತಿತ್ತ ಓಡಾಡುತ್ತಿದ್ದಳು, ನಾನು ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತಿದ್ದೆ. ಮೆಕ್ಯಾನಿಕ್ ಹಳೆಯದನ್ನು ಬಿಚ್ಚಿ ತಂದು ನನ್ನ ಕಾಲ ಬಳಿ ಗೋಣಿತಟ್ಟಿನ ಮೇಲೆ ಇಟ್ಟ. ಅದರ ಬಾಯಿಂದ ತೆಳ್ಳನೆಯ ಎಣ್ಣೆ ಜಿನುಗಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ.

ಹೊಸದನ್ನು ಕೂಡಿಸಿದ ಮೇಲೆ ಅವನು ಗ್ಯಾಸಿನ ಸಿಲಿಂಡರು ಉರುಳಿಸಿಕೊಂಡು ಬಂದ. ಕೈಗೆ ದಪ್ಪನೆಯ ಗ್ಲೌಸು ಹಾಕಿಕೊಂಡ. ಕಿಸೆಯಿಂದ ಒಂದು ಹಿತ್ತಾಳೆಯ ತುಂಡು ತೆಗೆದು, ಅದರ ಒಂದು ಬಾಯನ್ನು ಸಿಲಿಂಡರಿನ ನಳಿಕೆಗೂ ಇನ್ನೊಂದನ್ನು ಕಾರಿನ ಪೈಪಿಗೂ ತಿರುಗಿಸಿ ಬಿಗಿದ. ಬೆರಳುದ್ದ ಇದ್ದಿರಬಹುದು, ಅಷ್ಟೇ.

"ಅಜ್ಜಿ, ಸ್ವಲ್ಪ ಹಿಂದ ಸರೀರಿ. ಗ್ಯಾಸ್ ಸಿಡಿದ್ರ ಸುಡತೈತಿ."

"ಥಂಡಿ ಮಾಡೂ ಗ್ಯಾಸು ಸುಡತೈತೇನೋ ತಮ್ಮಾ?" ಎಂದು ಕೇಳಿದೆ. ಗೊತ್ತಿದ್ದೇ ಕೇಳಿದೆ.

"ಬೆಂಕಿಕಿಂತಾ ಹೆಚ್ಚ ಸುಡತೈತ್ರಿ" ಎಂದು ನಕ್ಕ.

ಅವನು ನಕ್ಕದ್ದರಲ್ಲಿ ತಪ್ಪೇನಿಲ್ಲ. ಆದರೆ ನನಗೆ ಆ ಕುರ್ಚಿಯ ಮೇಲೆ ಇನ್ನು ಕೂತಿರಲು ಆಗಲಿಲ್ಲ. ಎದ್ದು ಹೋಗಿ ಮರಕ್ಕೆ ಕೈ ಊರಿ ನಿಂತೆ...

ನನ್ನ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಗೋವಾ ನಮ್ಮದಾಗಿ ಒಂದೆರಡು ವರ್ಷ ಆಗಿತ್ತೇನೋ. ತೇರಗಾಂವದಲ್ಲಿ ನಮ್ಮ ಮಾವನವರದು ಕಬ್ಬಿನ ಹೊಲ, ಹೊಲದ ಅಂಚಿಗೇ ಗಾಣ. ಮೊದಲು ಎತ್ತು ತಿರುಗುತ್ತಿದ್ದ ಗಾಣಕ್ಕೆ ಆ ವರ್ಷ ಎಣ್ಣೆ ಇಂಜಿನ್ನು ಕೂಡಿಸಿದ್ದರು. ಇಂಜಿನ್ನು ವಾರಕ್ಕೊಮ್ಮೆ ಮುನಿಸಿಕೊಳ್ಳುತ್ತಿತ್ತು. ಹೊಸ ಸೊಸೆಯಾದ ನಾನೇ ಅಷ್ಟು ಮುನಿಸಿಕೊಂಡಿರಲಿಲ್ಲ. ಆಗೆಲ್ಲ ಹಳಿಯಾಳದಿಂದ ಮಿಸ್ತ್ರಿ ಸೈಕಲ್ಲಿನ ಮೇಲೆ ಬರುತ್ತಿದ್ದ.

ಅವನಿಗೊಂದು ಹೆಸರಿತ್ತು, ನಾವು ಯಾರೂ ಕರೆದವರಲ್ಲ. ಹಳಿಯಾಳದ ಪೇಟೆಗೆಲ್ಲ ಅವನು ಮಿಸ್ತ್ರಿ, ನನ್ನ ಬಾಯಲ್ಲಿ ಮಿಸ್ತ್ರಿ ಅಣ್ಣ. ನಲವತ್ತರ ಆಸುಪಾಸು, ಕುರುಚಲು ಗಡ್ಡ, ಎಣ್ಣೆ ಹತ್ತಿದ ಖಾಕಿ ಚಡ್ಡಿ. ಶುಕ್ರವಾರ ಮಾತ್ರ ಬಿಳಿ ಪೈಜಾಮ ಹಾಕಿಕೊಂಡು ನಮಾಜಿಗೆ ಹೋಗುವಾಗ ಇವನೇನಾ ಅವನು ಎನಿಸುತ್ತಿತ್ತು. ಇಂಜಿನ್ನು ರಿಪೇರಿ ಮಾಡುವಾಗ ಅದಕ್ಕೆ ಬೈಯುತ್ತಿದ್ದ, ರಮಿಸುತ್ತಿದ್ದ. ಕೆಲಸ ಮುಗಿದ ಮೇಲೆ ಒಂದು ಹೆಂಟೆ ಬಿಸಿ ಬೆಲ್ಲ ಕೊಡದೆ ನಾವು ಕಳಿಸುತ್ತಿರಲಿಲ್ಲ, ತಿನ್ನದೆ ಅವನು ಹೋಗುತ್ತಿರಲಿಲ್ಲ.

ಅವನದೊಂದು ಪದ್ಧತಿ. ಒಂದು ಗಾಡಿಯಿಂದ ಬಿಚ್ಚಿದ ಸಾಮಾನನ್ನು ಎಂದೂ ಗುಜರಿಗೆ ಹಾಕುತ್ತಿರಲಿಲ್ಲ. "ಬಿಚ್ಚಿದ್ದು ಸತ್ತಂಗಲ್ಲ" ಅನ್ನುತ್ತಿದ್ದ. ಜೀಪಿನ ಸ್ಪ್ರಿಂಗು ಯಾರದೋ ತೊಟ್ಟಿಲಿಗೆ ಹೋಗುತ್ತಿತ್ತು, ಲಾರಿಯ ಬೇರಿಂಗು ಬಾವಿಯ ಗಡಗಡೆಗೆ. ಆಗೆಲ್ಲ ಒಂದು ನಟ್ಟು ಬೇಕೆಂದರೂ ಹುಬ್ಬಳ್ಳಿಗೆ ಓಡಬೇಕಾಗಿದ್ದರಿಂದ ಜನಕ್ಕೂ ಅದೇ ಅನುಕೂಲವಾಗಿತ್ತು. ಹಳಿಯಾಳದ ಅರ್ಧ ಯಂತ್ರಗಳು ಹೀಗೆ ಬೇರೆಯವರ ಹೊಟ್ಟೆಯೊಳಗಿನ ಸಾಮಾನಿನಿಂದ ನಡೆಯುತ್ತಿದ್ದವು. ನಮ್ಮ ಗಾಣದ ಇಂಜಿನ್ನಿನಿಂದ ಎಣ್ಣೆ ಸೋರುತ್ತಿತ್ತು. ಆ ಚಳಿಗಾಲದಲ್ಲಿ ಎಲ್ಲಿಂದಲೋ ತಂದ ಒಂದು ಹಿತ್ತಾಳೆಯ ತುಂಡು ಕೂಡಿಸಿ ಅದನ್ನೂ ನಿಲ್ಲಿಸಿಕೊಟ್ಟಿದ್ದ.

ಯುಗಾದಿ ಹತ್ತಿರ ಬಂದಿತ್ತು. ಕೊನೆಯ ಕಬ್ಬು. ಬೆಳಿಗ್ಗೆ ಕೊಪ್ಪರಿಗೆಯಲ್ಲಿ ಪಾಕ ಹದಕ್ಕೆ ಬಂತೆಂದು ನಾಲ್ಕು ಜನ ಗಳ ಹಾಕಿ ಇಳಿಸುತ್ತಿದ್ದರು. ನಮ್ಮವರು ಮುಂದಿದ್ದರು. ನೆಲದ ಮೇಲೆ ಬಿದ್ದ ಹಸಿ ಸಿಪ್ಪೆಯ ಮೇಲೆ ಒಬ್ಬನ ಕಾಲು ಜಾರಿತು, ಕೊಪ್ಪರಿಗೆ ವಾಲಿತು. ಕುದಿಯುವ ಪಾಕ ನಮ್ಮವರ ಎದೆಯಿಂದ ತೊಡೆಯವರೆಗೆ... ನೀರಾದರೆ ಹರಿದು ಹೋಗುತ್ತದೆ. ಪಾಕ ಹಿಡಿದುಕೊಳ್ಳುತ್ತದೆ. ಇದಕ್ಕಿಂತ ಹೆಚ್ಚು ನಾನು ಹೇಳಲಾರೆ.

ಯಾರೋ ಶಾಯಿ ತಂದು ಹಚ್ಚಿದರು. ಯಾರೋ ಸೆಗಣಿ ತಂದರು, ಅದನ್ನು ಮಾತ್ರ ನಾನು ಹಚ್ಚಗೊಡಲಿಲ್ಲ. ಹೊಸ ಸೊಸೆ ಎಂಬ ಮುಲಾಜೆಲ್ಲ ಆ ಗಳಿಗೆಯಲ್ಲಿ ಹಾರಿಹೋಗಿತ್ತು. ಬಾಳೆಲೆಯ ಮೇಲೆ ಮಲಗಿಸಿ, ಕಬ್ಬಿನ ಲಾರಿಯಲ್ಲಿ ಹಳಿಯಾಳದ ದವಾಖಾನೆಗೆ ತಂದೆವು.

ಡಾಕ್ಟರು ವಯಸ್ಸಾದವರು. ಮೈ ತೊಳೆಸಿ, ಸೊಳ್ಳೆಪರದೆ ಕಟ್ಟಿಸಿ, ಸಲಾಯಿನ್ ಹಚ್ಚಿ, ಮಾವನವರನ್ನೂ ನನ್ನನ್ನೂ ಹೊರಗೆ ಕರೆದರು. "ಇಲ್ಲಿ ನನ್ನ ಕಡೆ ಏನೂ ಇಲ್ಲ. ಹುಬ್ಬಳ್ಳಿಗೆ ಒಯ್ಯಬೇಕು, ಸಂಜಿತನಕ ಕಾಯೂಹಂಗಿಲ್ಲ. ಆದ್ರ ಆ ಮೈಗೆ ಧೂಳ ತಾಗಬಾರದು, ಸೆಕಿನೂ ಆಗಬಾರದು" ಎಂದರು.

ಧಾರವಾಡದ ಕಡೆಗಿನ ಆ ರಸ್ತೆಯನ್ನು ಕಂಡವರಿಗೆ ಈ ಮಾತಿನ ಅರ್ಥ ಗೊತ್ತು. ಡಾಂಬರು ಅಲ್ಲಲ್ಲಿ ನೆಪಕ್ಕೆ ಇತ್ತು. ಕಟ್ಟಿಗೆಯ ಲಾರಿಗಳು ಓಡಾಡಿ ಓಡಾಡಿ ಕೆಂಪು ಹುಡಿ ಪಾದ ಮುಚ್ಚುವಷ್ಟು ಬಿದ್ದಿರುತ್ತಿತ್ತು. ಗಾಡಿಯ ಗಾಜು ತೆರೆದರೆ ಧೂಳು, ಮುಚ್ಚಿದರೆ ಆ ಬಿಸಿಲಿಗೆ ಒಳಗೆ ಬೇಯಬೇಕು. ಒಳಗೆ ಬರ್ಫದ ಗಡ್ಡೆ ಇಟ್ಟುಕೊಂಡು ಹೋಗೋಣವೆಂದು ನಾನೇ ಅಂದೆ. ಗಡ್ಡೆ ಬರುವುದೇ ಹುಬ್ಬಳ್ಳಿಯಿಂದ, ಅದೂ ಸಂಜೆ ಬಸ್ಸಿಗೆ. ಮಾವನವರು ಕಂಬ ಹಿಡಿದು ಕುಸಿದು ಕೂತರು. ಅತ್ತೆ ಒಳಗೆ ಶಿವನೇ ಶಿವನೇ ಎನ್ನುತ್ತಿದ್ದರು. ನನಗೆ ಆಗ ಶಿವನ ಮೇಲೂ ಸಿಟ್ಟು ಬಂದಿತ್ತು.

ಸುದ್ದಿ ಕೇಳಿ ಮಿಸ್ತ್ರಿ ಬಂದ. ಡಾಕ್ಟರ ಮಾತು ಕೇಳಿಸಿಕೊಂಡು ನನ್ನ ಕಡೆ ತಿರುಗಿದ.

"ತಂಗೀ, ಗಾಡಿ ಐತಿ. ಥಂಡಿ ಇಲ್ಲ. ಅದನ್ನ ನಾನ ಬಿಚ್ಚೇನಿ."

ಅವನು ಹೇಳಿದ್ದು ಕಟ್ಟಿಗೆ ಸಾಹುಕಾರರ ಕಾರಿನ ವಿಷಯ. ಗೋವಾದಿಂದ ಕೊಂಡು ತಂದ ದೊಡ್ಡ ಅಮೇರಿಕಾ ಕಾರು, ಸ್ಟೇರಿಂಗು ಎಡಗಡೆಗೆ. ಒಳಗೆ ತಂಪು ಗಾಳಿ ಬಿಡುವ ಯಂತ್ರವಿತ್ತು. ಅದು ಬಂದ ಹೊಸತರಲ್ಲಿ ಸಂತೆಯ ಜನ ಕಿಟಕಿಯಲ್ಲಿ ಕೈ ಹಾಕಿ ತಂಪು ನೋಡಿ ಹೋಗುತ್ತಿದ್ದರಂತೆ. ಆದರೆ ಜೋಯಿಡಾದ ಆಚೆ ಘಟ್ಟ ಏರುವಾಗ ತಂಪು ಹಾಕಿದರೆ ಇಂಜಿನ್ನು ಕುದಿಯುತ್ತಿತ್ತು. ತೆಗೆದು ಹಾಕು ಎಂದರು ಸಾಹುಕಾರರು. ಮಿಸ್ತ್ರಿ ತೆಗೆದ. ತೆಗೆದ ಮೇಲೆ ಅವನ ಪದ್ಧತಿಯಂತೆ ಆ ಸಾಮಾನೆಲ್ಲ ಊರೊಳಗೆ ಒಂದೊಂದು ಕಡೆ ಹೋಗಿ ದುಡಿಯುತ್ತಿತ್ತು. ಕಾರು ಮಾತ್ರ ಕ್ಲಚ್ಚಿನ ಕೆಲಸಕ್ಕೆಂದು ಶಿವರಾತ್ರಿಯಿಂದ ಅವನ ಗ್ಯಾರೇಜಿನಲ್ಲೇ ನಿಂತಿತ್ತು. ಕೆಲಸ ಮುಗಿದಿತ್ತು, ಸಾಹುಕಾರರು ಇನ್ನೂ ಒಯ್ದಿರಲಿಲ್ಲ.

"ಸಾಹುಕಾರ್‍ಗೆ ನಾ ಹೇಳ್ಕೋತೇನಿ. ನೀ ನನ್ನ ಸಂಗಾಟ ಬಾ. ನನ್ನ ಮಾತಿಗೆ ಯಾರೂ ಬಿಚ್ಚಿ ಕೊಡೂದಿಲ್ಲ, ನಿನ್ನ ಮಾರಿ ನೋಡಿ ಕೊಟ್ಟಾರು" ಎಂದ. ನಾನು ಸೆರಗು ಬಿಗಿದು ಹೊರಟೆ. ಅತ್ತೆ ಬೇಡ ಅನ್ನಲಿಲ್ಲ.

ಕಂಪ್ರೆಸರು ಅವನ ಮನೆಯಲ್ಲೇ ಇತ್ತು. ಅದರ ತೂತುಗಳಿಗೆ ಕಟ್ಟಿಗೆಯ ಬಿರಡೆ ಹೊಡೆದು ಒಳಗೆ ಎಣ್ಣೆ ಹಾಕಿ ಇಟ್ಟಿದ್ದ. ಅವನ ಹೆಂಡತಿ ಅದನ್ನು ಬಾಗಿಲಿಗೆ ಒತ್ತು ಕೊಟ್ಟಿದ್ದಳು. ಗಾಳಿ ಊದುವ ಪಂಖ ಅವನ ಕಮ್ಮಾರಿಕೆಯ ಒಲೆಯಲ್ಲಿತ್ತು. ತಂಪು ಊದಬೇಕಾದದ್ದು ಅಲ್ಲಿ ಕೆಂಡ ಊದುತ್ತಿತ್ತು. ಒಲೆ ಆರಿಸಿ ಅದನ್ನು ಬಿಚ್ಚಿದ. ಉಳಿದದ್ದು ಬೆಲ್ಟು ಮತ್ತು ಪೈಪು.

ಬೆಲ್ಟು ಇದ್ದದ್ದು ಗಿರಣಿಯ ಖಾರ ಕುಟ್ಟುವ ಯಂತ್ರಕ್ಕೆ. ವರ್ಷದ ಖಾರ ಕುಟ್ಟಿಸುವ ಕಾಲ ಅದು. ಒಣಮೆಣಸಿನಕಾಯಿಯ ಬುಟ್ಟಿ ಇಟ್ಟುಕೊಂಡು ಹೆಂಗಸರು ಸಾಲಾಗಿ ಕೂತಿದ್ದರು. ಗಿರಣಿಯವನು ನಾಳೆ ನೋಡೋಣ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಸಾಲಿನ ಮುಂದಿದ್ದ ಮುದುಕಿಯೊಬ್ಬಳು ನನ್ನ ಸೀರೆಗೆ ಹತ್ತಿದ್ದ ಪಾಕ, ಶಾಯಿಯ ಕಲೆ ನೋಡಿ, "ಬಿಚ್ಚಿ ಕೊಡೋ ಖೋಡಿ. ನಮ್ಮ ಖಾರಕ್ಕೇನ ಅವಸರೈತಿ" ಎಂದಳು. ಅವನು ಗಿರಣಿ ನಿಲ್ಲಿಸಿ ಬಿಚ್ಚಿದ. ಖಾರದ ಪುಡಿ ಮೆತ್ತಿದ ಆ ಬೆಲ್ಟನ್ನು ಹೆಗಲಿಗೆ ಹಾಕಿಕೊಂಡು ಮಿಸ್ತ್ರಿ ದಾರಿಯುದ್ದಕ್ಕೂ ಸೀನುತ್ತ ನಡೆದ. ಆ ಸಂಕಟದಲ್ಲೂ ನನಗೆ ನಗು ಬಂದಂತಾಗಿ, ಕೂಡಲೇ ಅಳು ಬಂತು.

ಪೈಪು ಮತ್ತು ಗ್ಯಾಸು ಎರಡಕ್ಕೂ ಐಸ್ ಕ್ಯಾಂಡಿ ಮಾಡುವವನ ಹತ್ತಿರವೇ ಹೋಗಬೇಕಾಗಿತ್ತು. ಕಾರಿನ ಪೈಪು ಅವನ ಯಂತ್ರದಲ್ಲಿತ್ತು. ಗ್ಯಾಸಿನ ಒಂದು ಸಣ್ಣ ಸಿಲಿಂಡರನ್ನು ಅವನು ಬೇಸಿಗೆಗೆಂದು ಮುಂಬಯಿಯಿಂದ ತರಿಸಿ ಇಟ್ಟುಕೊಂಡಿದ್ದ. ಕ್ಯಾಂಡಿಯವನು ಕೆಟ್ಟವನಲ್ಲ, ಆದರೆ ಅಳ್ಳೆದೆಯವನು. ಪೈಪು ಬಿಚ್ಚಿದರೆ ಒಳಗಿನ ಕ್ಯಾಂಡಿಯೆಲ್ಲ ನೀರಾಗುತ್ತದೆ, ಯಂತ್ರ ಮತ್ತೆ ಹಿಡಿಯುತ್ತದೋ ಇಲ್ಲವೋ ಎಂದು ಮೀನಮೇಷ ಎಣಿಸತೊಡಗಿದ. ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು.

"ನಿಮ್ಮ ಕ್ಯಾಂಡಿ ನಾಳಿ ಮತ್ತ ಗಟ್ಟಿ ಆಗ್ತಾವ್ರಿ. ನಮ್ಮ ಮನಿಯವರು ನಾಳಿ ಇರ್ತಾರೋ ಇಲ್ಲೋ" ಎಂದೆ.

ಆಡಬಾರದ ಮಾತು. ಮುತ್ತೈದೆಯ ಬಾಯಲ್ಲಿ ಅಂಥ ಮಾತು ಬಂದದ್ದಕ್ಕೆ ಅಲ್ಲಿದ್ದವರೆಲ್ಲ ತಲೆ ಬಗ್ಗಿಸಿದರು. ಕ್ಯಾಂಡಿಯವನು ಯಂತ್ರದ ಗುಂಡಿ ಆರಿಸಿದ.

ಗ್ಯಾರೇಜಿಗೆ ಬಂದು ಮಿಸ್ತ್ರಿ ಕೆಲಸಕ್ಕೆ ಕೂತಾಗ ಸೂರ್ಯ ನೆತ್ತಿಗೆ ಬಂದಿದ್ದ. ಕಂಪ್ರೆಸರು ಕೂಡಿಸಿದ, ಬೆಲ್ಟು ಏರಿಸಿದ, ಪಂಖಕ್ಕೆ ತಂತಿ ಹಚ್ಚಿದ, ಪೈಪಿನ ಎರಡೂ ತುದಿ ಬಿಗಿದ. ಅವನು ಅಷ್ಟು ಬೇಗ ಕೆಲಸ ಮಾಡಿದ್ದನ್ನು ನಾನು ಮತ್ತೆಂದೂ ನೋಡಲಿಲ್ಲ. ಇಂಜಿನ್ನಿಗೆ ಬೈಯಲಿಲ್ಲ, ರಮಿಸಲಿಲ್ಲ. ಅವನು ಕೇಳಿದ್ದನ್ನು ನಾನು ಕೈಗೆ ಕೊಡುತ್ತ ನಿಂತಿದ್ದೆ. ಕೊನೆಗೆ ಸಿಲಿಂಡರಿನ ರಬ್ಬರ್ ನಳಿಕೆಯನ್ನು ಕಾರಿನ ಪೈಪಿಗೆ ಹಿಡಿದು ನೋಡಿದ, ಕೂಡಲಿಲ್ಲ. ಅದರ ತಿರುಪೇ ಬೇರೆ, ಇದರ ತಿರುಪೇ ಬೇರೆ. ನಡುವೆ ಎರಡಕ್ಕೂ ಹೊಂದುವ ಒಂದು ಹಿತ್ತಾಳೆಯ ತುಂಡು ಬೇಕು. ಆ ತುಂಡು ಈ ಕಾರಿನ ಜತೆಗೇ ಬಂದಿತ್ತು. ಅವನು ಹಾಗೆಯೇ ಕುಕ್ಕರುಗಾಲಲ್ಲಿ ಕೂತುಬಿಟ್ಟ.

"ಎಲ್ಲೈತ್ರಿ ಅದು?" ಎಂದೆ. "ಹೇಳ್ರಿ, ನಾ ಹೋಗಿ ತರ್ತೇನಿ."

ಅವನು ತಲೆ ಎತ್ತಲಿಲ್ಲ. "ನಿಮ್ಮ ಗಾಣದ ಇಂಜಿನ್ನಿಗೆ ಹಾಕೇನಿ, ತಂಗೀ."

ಲಾರಿ ಹೋಗಿಯಾಗಿತ್ತು, ಬಾಯಿ ತೆರೆದ ಪೈಪಿನ ಕಾರನ್ನು ಆ ಧೂಳಿಗೆ ಒಯ್ಯುವಂತಿರಲಿಲ್ಲ, ಸೈಕಲ್ಲಿನ ಮೇಲೆ ತೇರಗಾಂವಕ್ಕೆ ಹೋಗಿ ಬಿಚ್ಚಿಕೊಂಡು ಬರಲು ಸಂಜೆಯಾಗುತ್ತಿತ್ತು. ನನಗೆ ಅಲ್ಲೇ ನೆಲಕ್ಕೆ ಬಿದ್ದು ಹೊರಳಾಡಬೇಕೆನಿಸಿತು. ಊರೆಲ್ಲ ತಿರುಗಿ, ಒಲೆ ಆರಿಸಿ, ಗಿರಣಿ ನಿಲ್ಲಿಸಿ, ಕ್ಯಾಂಡಿ ಕರಗಿಸಿ ತಂದದ್ದೆಲ್ಲ ಬೆರಳುದ್ದದ ಒಂದು ತುಂಡಿಗೆ ನಿಂತುಹೋಗಿತ್ತು. ಅದೂ ನಮ್ಮ ಮನೆಯ ಎಣ್ಣೆ ಸೋರದ ಹಾಗೆ ಕಾದು ಕೂತಿದ್ದ ತುಂಡಿಗೆ.

ಮಿಸ್ತ್ರಿ ಎದ್ದ. ಇಂಜಿನ್ನು ಚಾಲೂ ಮಾಡಿದ. ನನ್ನ ಕೈಗೆ ಸಿಲಿಂಡರು ಕೊಟ್ಟು, ತಲೆಕೆಳಗು ಹಿಡಿ, ನಾನು ಹೇಳಿದಾಗ ಗ್ಯಾಸು ಬಿಡುವ ಅದರ ಕೀಲಿ ತಿರುಗಿಸು ಎಂದ. ನಳಿಕೆಯ ಬಾಯನ್ನು ಪೈಪಿನ ಬಾಯಿಗೆ ಒತ್ತಿ, ಸುತ್ತ ಅರಿವೆ ಸುತ್ತಿ, ಬಲಗೈಯ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದ. "ಹೂಂ" ಎಂದ. ನಾನು ತಿರುಗಿಸಿದೆ.

ಬುಸ್ಸೆಂದು ಬಿಳಿಯ ಹೊಗೆ ಅವನ ಬೆರಳುಗಳ ಸಂದಿನಿಂದ ಹೊರಗೆ ಬಂತು. ಅರಿವೆ ಬೆಳ್ಳಗಾಗಿ ಸೆಟೆದುಕೊಂಡಿತು. ಅವನ ಮುಖ ಒಮ್ಮೆ ಕಿವುಚಿಕೊಂಡಿತು, ಕೈ ಮಾತ್ರ ಕದಲಲಿಲ್ಲ. ನಾನು ಕೀಲಿ ಮುಚ್ಚಲು ಹೋದೆ. "ಇನ್ನೂ ಇರ್ಲಿ" ಎಂದ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ, "ಇರ್ಲಿ, ಇರ್ಲಿ" ಎಂದ. ಸಿಲಿಂಡರು ನನ್ನ ಕೈಯಲ್ಲಿ ಹಗುರಾಗುವವರೆಗೂ ಹಿಡಿದಿದ್ದು, ಎಡಗೈಯಿಂದ ಪೈಪಿನ ಕೀಲಿ ಬಿಗಿದು, ಆಮೇಲೆ ಮುಷ್ಟಿ ಬಿಟ್ಟ. ಬಿಟ್ಟ ಎನ್ನುವುದಕ್ಕಿಂತ ಎಡಗೈಯಿಂದ ಒಂದೊಂದೇ ಬೆರಳು ಬಿಡಿಸಿಕೊಂಡ. ಆ ಬೆರಳುಗಳು ಮೇಣದಂತೆ ಬೆಳ್ಳಗಾಗಿದ್ದವು. ತಂಪಿಗೆ ಕೈ ಸುಡುತ್ತದೆ ಎಂದು ನನಗೆ ಯಾರು ಹೇಳಿದ್ದರು? ಮರಗಟ್ಟಿದೆ, ಬಿಸಿಲಿಗೆ ಸರಿಹೋಗುತ್ತದೆ ಎಂದುಕೊಂಡೆ. ಅಷ್ಟರಲ್ಲಿ ಕಾರಿನೊಳಗಿಂದ ತಂಪು ಗಾಳಿ ನನ್ನ ಮುಖಕ್ಕೆ ತಾಗಿತು.

ಕೀಲಿ ತಿರುಗಿಸಿದ್ದು ನನ್ನ ಕೈ. ಅದಕ್ಕೆ ನಾನು ಪಶ್ಚಾತ್ತಾಪ ಪಟ್ಟಿಲ್ಲ, ಇವತ್ತಿಗೂ ಪಡುವುದಿಲ್ಲ. ಗೊತ್ತಿದ್ದರೂ ತಿರುಗಿಸುತ್ತಿದ್ದೆನೇನೋ. ಆ ಹೊತ್ತಿನಲ್ಲಿ ಭೂಮಿಯ ಮೇಲೆ ನನಗೆ ಬೇಕಾಗಿದ್ದದ್ದು ಒಬ್ಬರೇ.

ಹಿಂದಿನ ಸೀಟಿಗೆ ಹೊಸ ಬಾಳೆಲೆ ಹಾಸಿ ನಮ್ಮವರನ್ನು ಮಲಗಿಸಿದರು. ನಾನು ಅವರ ತಲೆಯ ಹತ್ತಿರ ಕೆಳಗೆ ಕೂತೆ. ಅತ್ತೆ ಮಾವ ಬಸ್ಸಿನಲ್ಲಿ ಬರುವುದೆಂದಾಯಿತು. ಗಾಜುಗಳನ್ನೆಲ್ಲ ಮುಚ್ಚಿ ಮಿಸ್ತ್ರಿ ಕಾರು ಹೊರಡಿಸಿದ. ಹೊರಗೆ ಕೆಂಪು ಧೂಳು ಏಳುತ್ತಿತ್ತು, ಒಂದು ಕಣವೂ ಒಳಗೆ ಬರಲಿಲ್ಲ. ಬೆಳಗಿನಿಂದ ಚೀರಿ ಚೀರಿ, ಆಮೇಲೆ ಬಡಬಡಿಸುತ್ತಿದ್ದ ಜೀವ ಆ ತಂಪಿಗೆ ಮೆಲ್ಲಗೆ ಸುಮ್ಮನಾಯಿತು. ಸ್ವಲ್ಪ ದೂರ ಹೋದ ಮೇಲೆ ಕಣ್ಣು ತೆರೆದು, "ಮಳಿ ಬಂತೇನು?" ಎಂದರು.

"ಹೂಂನ್ರಿ" ಎಂದೆ. ಇನ್ನೇನು ಹೇಳಲಿ?

"ಪಾಕ ಹದಕ್ಕ ಬಂದಿತ್ತು. ಇಳಿಸಿದ್ರೇನು?"

"ಇಳಿಸಿದ್ರು. ಛಲೋ ಬೆಲ್ಲಾತು."

ಹಬ್ಬದ ದಿನ ಹೇಳಬೇಕೆಂದು ಒಂದು ಮಾತನ್ನು ನಾನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದೆ. ಅದನ್ನು ಅವರ ಕಿವಿಯಲ್ಲಿ ಹೇಳಿದೆ. ದೀಪಾವಳಿ ಕಳೆದು ಗೌರಿ ಹುಣ್ಣಿಮೆಯ ಹೊತ್ತಿಗೆ ಮನೆಗೆ ಕೂಸು ಬರುತ್ತದೆ ಎಂದು. ತಲೆ ಎತ್ತಿದಾಗ ಮುಂದಿನ ಕನ್ನಡಿಯಲ್ಲಿ ಮಿಸ್ತ್ರಿಯ ಕಣ್ಣು ಕಂಡಿತು. ಅವನು ಬಲಗೈಯ ಮೊಣಕೈ ಎತ್ತಿ ಕನ್ನಡಿಯನ್ನು ಅತ್ತ ತಿರುಗಿಸಿಬಿಟ್ಟ. ಗೇರನ್ನೂ ಮೊಣಕೈಯಿಂದಲೇ ತಳ್ಳುತ್ತಿದ್ದ. ಇದೂ ಒಂದು ಅಮೇರಿಕಾದ ರೀತಿ ಇರಬೇಕು ಎಂದುಕೊಂಡೆ, ಹುಚ್ಚಿ.

"ಹಂಗಾರ ಹೊಸ ಬೆಲ್ಲಕ್ಕ ಬರ್ತೈತಿ" ಎಂದರು ನಮ್ಮವರು. ನಕ್ಕರು. ನಿಜವಾಗಿ ನಕ್ಕರು.

ಧಾರವಾಡ ದಾಟಿದ ಮೇಲೆ ಎಲ್ಲೋ ಗ್ಯಾಸು ಸೋರಿ ತಂಪು ಕಡಿಮೆಯಾಗುತ್ತ ಬಂತು. ಅಷ್ಟು ಹೊತ್ತಿಗೆ ಡಾಂಬರು ರಸ್ತೆ ಬಂದಿತ್ತು, ಧೂಳಿನ ಭಯವಿರಲಿಲ್ಲ. ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಮಿಸ್ತ್ರಿ ನಮ್ಮವರನ್ನು ಜೀವ ಇರುವಾಗಲೇ ಮುಟ್ಟಿಸಿದ. ಸ್ಟ್ರೆಚರಿನ ಹಿಂದೆ ಓಡುವಾಗ ನೋಡಿದೆ, ಅವನು ಬಲಗೈಗೆ ಟವೆಲು ಸುತ್ತಿಕೊಂಡು ಕಾರಿಗೆ ಆತು ನಿಂತಿದ್ದ. ಕೈಗೇನಾಯಿತು ಎಂದು ಕೇಳಿದೆ. "ಇಂಜಿನ್ ತಾಗೇತಿ. ನೀ ಒಳಗ ಹೋಗ ತಂಗೀ" ಎಂದ.

ನಮ್ಮವರು ಯುಗಾದಿ ನೋಡಲಿಲ್ಲ.

ಆಮೇಲಿನ ದಿನಗಳನ್ನು ನಾನು ಹೇಗೆ ಕಳೆದೆನೋ, ಬರೆಯಲು ಹೋದರೆ ಕೈ ನಿಲ್ಲುತ್ತದೆ. ಅತ್ತೆ ನನ್ನನ್ನು ತವರಿಗೆ ಅಟ್ಟಲಿಲ್ಲ, ಅದೊಂದು ಪುಣ್ಯ. ಗೌರಿ ಹುಣ್ಣಿಮೆಗೆ ಮಗಳು ಹುಟ್ಟಿದಳು. ಆ ವರ್ಷ ಗಾಣ ಹೂಡುವಾಗ ಇಂಜಿನ್ನಿನ ಪಕ್ಕದಲ್ಲಿ ಆ ಹಿತ್ತಾಳೆಯ ತುಂಡು ಕಣ್ಣಿಗೆ ಬಿತ್ತು. ಎಣ್ಣೆ ಮೆತ್ತಿಕೊಂಡು ಹೊಳೆಯುತ್ತಿತ್ತು. ಅದನ್ನು ನೋಡಿದರೆ ನನಗೆ ಮೈಯೆಲ್ಲ ಉರಿ. ಮೈದುನನಿಗೆ ಹೇಳಿ ಬಿಚ್ಚಿಸಿ, ಸೆರಗಿನಲ್ಲಿ ಕಟ್ಟಿಕೊಂಡು, ಕೂಸನ್ನು ಎತ್ತಿಕೊಂಡು ಹಳಿಯಾಳಕ್ಕೆ ಹೋದೆ. ಇನ್ನು ಅದು ನಮ್ಮ ಮನೆಯಲ್ಲಿ ಬೇಡ, ಅವನದು ಅವನಿಗೆ ಕೊಟ್ಟು ಬರೋಣ ಎಂದು.

ಗ್ಯಾರೇಜಿನ ಮುಂದೆ ಮಿಸ್ತ್ರಿ ಒಂದು ಸೈಕಲ್ಲಿನ ಟ್ಯೂಬಿಗೆ ಪಂಕ್ಚರು ತೇಪೆ ಹಾಕುತ್ತಿದ್ದ, ಎಡಗೈಯಿಂದ. ಗಾಡಿಗಳು ಇರಲಿಲ್ಲ. ಅವನ ಬಲಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಎರಡೇ ಉಳಿದಿದ್ದವು.

ನಾನು ನೋಡಿದೆ. ಅವನು ಬಚ್ಚಿಡಲು ಹೋಗಲಿಲ್ಲ. ಆಗ ನನಗೆ ಎಲ್ಲ ಒಮ್ಮೆಗೇ ಗೊತ್ತಾಯಿತು: ಬಿಳಿಯ ಹೊಗೆ, ಸೆಟೆದ ಅರಿವೆ, ಮೊಣಕೈಯಿಂದ ತಿರುಗಿದ ಕನ್ನಡಿ. ನಮ್ಮವರನ್ನು ಒಳಗೆ ಒಯ್ದ ಅದೇ ದವಾಖಾನೆಯಲ್ಲಿ, ಇನ್ನೊಂದು ಬದಿಗೆ, ಅವನ ಬೆರಳು ತೆಗೆದಿದ್ದರು. ನಮ್ಮ ಮನೆಯಲ್ಲಿ ಯಾರಿಗೂ ತಿಳಿಸಬಾರದೆಂದು ಹೆಂಡತಿಗೆ ಆಣೆ ಹಾಕಿದ್ದನಂತೆ. ನಾನು ಗ್ಯಾರೇಜಿನ ಹೊಸ್ತಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ನಮ್ಮವರು ಹೋದಾಗಲೂ ಹಾಗೆ ಅತ್ತಿರಲಿಲ್ಲ. ಅವನ ಹೆಂಡತಿ ಬಂದು ಕೂಸನ್ನು ಎತ್ತಿಕೊಂಡಳು.

ನನ್ನ ಅಳು ನಿಂತ ಮೇಲೆ ಅವನು ಟ್ಯೂಬನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ನಾನು ಮುಂದೆ ಇಟ್ಟ ಹಿತ್ತಾಳೆಯ ತುಂಡನ್ನು ಎಡಗೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿ, ಅರಿವೆಯಿಂದ ಒರೆಸಿ, ನನಗೇ ವಾಪಸು ಕೊಟ್ಟ.

"ಇದನ್ಯಾಕ ಬಿಚ್ಚಿದಿ ತಂಗೀ? ಅಲ್ಲಿ ಎಣ್ಣಿ ಸೋರ್ತಿರ್ತೈತಿ. ಇವತ್ತ ಹೋಗಿ ಮತ್ತ ಹಾಕಸು."

ಹಾಕಿಸಿದೆ. ಗಾಣ ಇರುವವರೆಗೂ ಅದು ಅಲ್ಲೇ ಇತ್ತು. ಪ್ರತಿ ವರ್ಷ ಹೊಸ ಬೆಲ್ಲದ ಮೊದಲ ಹೆಂಟೆ ಅವನ ಮನೆಗೆ ಹೋಗುತ್ತಿತ್ತು. ಮಗಳು ನಡೆಯಲು ಕಲಿತ ಮೇಲೆ ಅವಳ ಕೈಯಲ್ಲೇ ಕೊಡಿಸುತ್ತಿದ್ದೆ. ಅವಳು ಅವನ ಎರಡು ಬೆರಳು ಹಿಡಿದು ಆಡುತ್ತಿದ್ದಳು. ಆಮೇಲೆ ಮಿಸ್ತ್ರಿ ಮುಂಡಗೋಡಿಗೆ ತನ್ನ ತಂಗಿಯ ಮನೆಗೆ ಹೋದ. ಟಿಬೆಟನ್ ಕಾಲೊನಿಯ ದಾರಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದಾನೆ ಎಂದು ಕೇಳಿದೆ. ಒಂದು ಮಳೆಗಾಲದಲ್ಲಿ ಅವನು ಹೋದ ಸುದ್ದಿ ಬಂತು, ಮಣ್ಣಾದ ಎಷ್ಟೋ ದಿನಗಳ ಮೇಲೆ. ನನ್ನ ಪಾಲಿಗೆ ಅವತ್ತು ಎರಡನೇ ಸಲ ಮನೆ ಬರಿದಾಯಿತು. ಹೇಳಿಕೊಳ್ಳಲು ಅವನು ನನಗೆ ಏನೂ ಆಗಬೇಕಾಗಿರಲಿಲ್ಲ, ಹೀಗಾಗಿ ಯಾರ ಮುಂದೆಯೂ ಅಳುವ ಹಾಗಿರಲಿಲ್ಲ...

"ಆತ್ರಿ ಅಜ್ಜಿ, ಕೂಡ್ರಿ. ಥಂಡಿ ಹೆಂಗ ಬರ್ತೈತಿ ನೋಡ್ರಿ" ಎಂದು ಮೆಕ್ಯಾನಿಕ್ ಕರೆದ.

ಸಿಲಿಂಡರು ಬಿಚ್ಚಿಯಾಗಿತ್ತು. ಹಿತ್ತಾಳೆಯ ತುಂಡು ಅವನ ಕಿಸೆಗೆ ಹೋಗಿತ್ತು. ಮಗಳು ಆಗಲೇ ಸ್ಟೇರಿಂಗಿನ ಮುಂದೆ ಕೂತು ನನ್ನ ದಾರಿ ಕಾಯುತ್ತಿದ್ದಳು. ನಾನು ಅವನ ಹತ್ತಿರ ಹೋಗಿ, "ತಮ್ಮಾ, ಆ ಗ್ಲೌಸ್ ತಗದು ಕೈ ತೋರಸು" ಎಂದೆ. ಮುದುಕಿಗೆ ಅರಳು ಮರಳು ಎಂದುಕೊಂಡನೋ ಏನೋ, ಮಗಳ ಕಡೆಗೊಮ್ಮೆ ನೋಡಿ ಗ್ಲೌಸು ತೆಗೆದ. ಬಲಗೈ ಹಿಡಿದು ತಿರುಗಿಸಿ ನೋಡಿದೆ. ಎಣ್ಣೆ ಹತ್ತಿತ್ತು. ಐದೂ ಬೆರಳು ಇದ್ದವು.

ಕಾರಿನಲ್ಲಿ ಕೂತೆ. ಮಗಳು ಗಾಜು ಏರಿಸಿದಳು.